ಸ್ಟ್ರೋಕ್ ಆದವರ ನೆನಪು, ಯೋಚನೆ ಪರೀಕ್ಷಿಸುವುದು ಹೇಗೆ? ಕಾಸರಗೋಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರ ಬಗ್ಗೆ ನಮ್ಮೂರಲ್ಲಿ ಕೇಳುವುದು ಎರಡೇ ಪ್ರಶ್ನೆ. ಕೈ ಎತ್ತುತ್ತಾರಾ? ನಡೆಯುತ್ತಾರಾ? ಎರಡಕ್ಕೂ ಹೌದು ಎಂದಾದರೆ ಎಲ್ಲರಿಗೂ ಸಮಾಧಾನ. ಒಂದೆರಡು ತಿಂಗಳಾದ ಮೇಲೆ ಹೆಂಡತಿಯೋ ಸೊಸೆಯೋ ಮೆಲ್ಲಗೆ ಬಾಯಿ ಬಿಡುತ್ತಾರೆ: "ನಡೀತಾರೆ, ಮಾತಾಡ್ತಾರೆ, ಆದ್ರೆ ಮೊದಲಿನ ಹಾಗಿಲ್ಲ." ಅಡಿಕೆ ಮಾರಿದ ದುಡ್ಡಿನ ಲೆಕ್ಕ ಕೂಡಿ ಬರುವುದಿಲ್ಲ. ಬೆಳಿಗ್ಗೆ ತಿಂದ ಬಿಪಿ ಮಾತ್ರೆಯನ್ನು ಮರೆತು ಇನ್ನೊಮ್ಮೆ ತಿನ್ನುತ್ತಾರೆ. ಎಲೆಯ ಎಡಬದಿಯ ಪಲ್ಯ ಹಾಗೇ ಉಳಿದಿರುತ್ತದೆ.

ಇದು ವಯಸ್ಸಾದ ಮರೆವು ಅಂತ ಬಿಟ್ಟುಬಿಡುವ ವಿಷಯ ಅಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2023ರಲ್ಲಿ ಹೊರತಂದ ಹೇಳಿಕೆಯ ಪ್ರಕಾರ, ಸ್ಟ್ರೋಕ್ ಆಗಿ ಬದುಕುಳಿದವರಲ್ಲಿ ಮೊದಲ ವರ್ಷದೊಳಗೆ ಶೇಕಡ 60ರವರೆಗೂ ಜನರಿಗೆ ನೆನಪು, ಗಮನ, ಯೋಚನೆಯಲ್ಲಿ ಕುಂದು ಕಾಣಿಸಬಹುದು. ಅದೇ ಹೇಳಿಕೆಯಲ್ಲಿ ಒಳ್ಳೆಯ ಸುದ್ದಿಯೂ ಇದೆ. ಕುಂದು ಸಣ್ಣದಾಗಿದ್ದರೆ ಸುಮಾರು ಐದರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಳ್ಳುತ್ತಾರೆ, ಅದೂ ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ. ಅಂದ ಮೇಲೆ ಬೇಗ ಕಂಡುಹಿಡಿಯಬೇಕು ಅಲ್ವಾ?

ಕಂಡುಹಿಡಿಯಲು 3 ನಿಮಿಷದಿಂದ 20 ನಿಮಿಷದಲ್ಲಿ ಮುಗಿಯುವ ಚಿಕ್ಕ ಪರೀಕ್ಷೆಗಳಿವೆ. ಪಂಚಾಯತಿನ ಪಾಲಿಯೇಟಿವ್ ಮನೆಭೇಟಿಗೆ ಹೋಗುವ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಫಿಸಿಯೋಥೆರಪಿಯವರು, ಪ್ರಾಥಮಿಕ ಆರೋಗ್ಯ ಕೇಂದ್ರದ ಎಳೆಯ ಡಾಕ್ಟರುಗಳು ಮತ್ತು ಮನೆಯವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಅಂಕ ಹಾಕುವ ಕೆಲಸ ತರಬೇತಿ ಪಡೆದವರದ್ದು. ಅದರ ಮೊದಲಿನ ಮತ್ತು ಅನಂತರದ ಕೆಲಸದಲ್ಲಿ ಮನೆಯವರ ಪಾಲು ದೊಡ್ಡದು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಬರುವ ಅಂಕಕ್ಕಿಂತ, ಆ ಮನುಷ್ಯ ಎಲ್ಲಿ ತಪ್ಪಿದ, ಯಾಕೆ ತಪ್ಪಿದ ಅನ್ನುವುದಕ್ಕೆ ಬೆಲೆ ಜಾಸ್ತಿ. ಸ್ಟ್ರೋಕ್ ಆದವರು ನೆನಪಿನ ಪ್ರಶ್ನೆಗೆ ಉತ್ತರಿಸಲಿಲ್ಲ ಎಂದರೆ ನೆನಪೇ ಹೋಗಿದೆ ಎಂದಾಗುವುದಿಲ್ಲ. ಮಾತು ಹೊರಡದೆ ಇರಬಹುದು, ಪ್ರಶ್ನೆ ಅರ್ಥವಾಗದೆ ಇರಬಹುದು, ಕಾಗದದ ಎಡಭಾಗ ಕಾಣದೆ ಇರಬಹುದು. ಕೇಳಿದ ಭಾಷೆ ಅವರದ್ದಲ್ಲದೆಯೂ ಇರಬಹುದು. ನಮ್ಮ ಜಿಲ್ಲೆಯಲ್ಲಿ ಈ ಕೊನೆಯದು ತುಂಬ ದೊಡ್ಡ ಸಂಗತಿ.

ಹಂತ 1: ಇವತ್ತು ಪರೀಕ್ಷೆ ಮಾಡುವ ದಿನ ಹೌದಾ?

ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಮಿದುಳು ಇನ್ನೂ ಏಟಿನಿಂದ ಸುಧಾರಿಸಿಕೊಳ್ಳುತ್ತಿರುತ್ತದೆ. ಮೂತ್ರದ ಸೋಂಕು, ಜ್ವರ, ಸೋಡಿಯಂ ಇಳಿತ, ಮಲಬದ್ಧತೆ, ನೋವು, ನಿದ್ದೆಗೇಡು, ಇದರಲ್ಲಿ ಯಾವುದಾದರೂ ಒಂದು ಸೇರಿದರೆ ಡೆಲಿರಿಯಂ ಬರಬಹುದು. ನಮ್ಮ ಹಿರಿಯರು ಸನ್ನಿ ಅನ್ನುತ್ತಿದ್ದದ್ದು ಇಂಥದಕ್ಕೇ. ಬೆಳಿಗ್ಗೆ ಸರಿ ಇದ್ದವರು ಸಂಜೆ ಏನೇನೋ ಮಾತಾಡುತ್ತಾರೆ. ಕೆಲವರು ಗಲಾಟೆಯನ್ನೇ ಮಾಡದೆ ಸುಮ್ನೆ ಮಂಕಾಗಿ ಬಿದ್ದಿರುತ್ತಾರೆ. ಈ ಎರಡನೆಯ ಬಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅಪಾಯ ಇರುವುದೂ ಅಲ್ಲೇ.

ಡೆಲಿರಿಯಂ ಪತ್ತೆಗೆ ಫೋರ್ ಎಟಿ ಎಂಬ ಪರೀಕ್ಷೆ ಇದೆ. ಹಣ ಕೊಡಬೇಕಾಗಿಲ್ಲ, ಎರಡು ನಿಮಿಷ ಸಾಕು. ನಾಲ್ಕು ಭಾಗ. ಒಂದು, ಎಚ್ಚರ ಹೇಗಿದೆ: ಸರಿ ಇದ್ದರೆ 0, ತೀರಾ ಮಂಪರು ಅಥವಾ ಚಡಪಡಿಕೆ ಇದ್ದರೆ 4. ಎರಡು, ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಈಗಿನ ವರ್ಷ: ತಪ್ಪಿಲ್ಲದಿದ್ದರೆ 0, ಒಂದು ತಪ್ಪಿಗೆ 1, ಎರಡು ಅಥವಾ ಜಾಸ್ತಿ ತಪ್ಪಿದರೆ 2. ಮೂರು, ಡಿಸೆಂಬರಿನಿಂದ ತಿಂಗಳುಗಳನ್ನು ಹಿಂದಕ್ಕೆ ಹೇಳಿಸುವುದು: ಏಳು ಅಥವಾ ಹೆಚ್ಚು ಸರಿಯಾದರೆ 0, ಶುರು ಮಾಡಿ ಏಳು ಮುಟ್ಟದಿದ್ದರೆ ಅಥವಾ ಒಲ್ಲೆ ಎಂದರೆ 1, ಪರೀಕ್ಷಿಸಲು ಆಗುವ ಸ್ಥಿತಿಯೇ ಇಲ್ಲದಿದ್ದರೆ 2. ನಾಲ್ಕು, ಇತ್ತೀಚೆಗೆ ದಿಢೀರ್ ಬದಲಾವಣೆ ಅಥವಾ ಗಂಟೆಗೊಂದು ಥರದ ಏರಿಳಿತ ಇದೆಯಾ: ಇದ್ದರೆ 4. ಒಟ್ಟು 12ರಲ್ಲಿ 4 ಅಥವಾ ಜಾಸ್ತಿ ಬಂದರೆ ಡೆಲಿರಿಯಂ ಇರಬಹುದು. ಅವತ್ತು ನೆನಪಿನ ಪರೀಕ್ಷೆ ಬೇಡ. ಕಾರಣ ಹುಡುಕಲು ಡಾಕ್ಟರಿಗೆ ತಿಳಿಸಿ. 1ರಿಂದ 3 ಬಂದರೆ ಅರಿವಿನ ಕುಂದು ಇರಬಹುದೆಂಬ ಸುಳಿವು, ಅಂಥವರಿಗೆ ಮುಂದಿನ ಹಂತ ಬೇಕು. 0 ಬಂದರೆ ಡೆಲಿರಿಯಂ ಇರುವ ಸಂಭವ ಕಡಿಮೆ ಎಂದಷ್ಟೇ ಅರ್ಥ.

ಡೆಲಿರಿಯಂ ಇಲ್ಲದಿದ್ದರೆ, ಆಸ್ಪತ್ರೆಯಿಂದ ಬಿಡುವ ಮೊದಲು ಒಮ್ಮೆ, ಸ್ಟ್ರೋಕ್ ಆಗಿ ಮೂರು ತಿಂಗಳಾದಾಗ ಇನ್ನೊಮ್ಮೆ ಪರೀಕ್ಷೆ ಆಗಬೇಕು. ಆಮೇಲೆ ಮನೆಯವರಿಗೆ ಬದಲಾವಣೆ ಕಂಡಾಗ. ಮಂಗಳೂರಿನಿಂದ ಡಿಸ್ಚಾರ್ಜ್ ಆಗಿ ತಲಪಾಡಿ ದಾಟಿ ಬಂದವರಿಗೆ ಈ ಮೂರು ತಿಂಗಳ ಪರೀಕ್ಷೆ ತಪ್ಪಿಹೋಗುವುದೇ ಹೆಚ್ಚು. ಅಲ್ಲಿನವರು ಊರಲ್ಲಿ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ, ಊರಲ್ಲಿ ಅಲ್ಲೇ ಆಗಿರಬೇಕು ಅಂದುಕೊಳ್ಳುತ್ತಾರೆ. ಮನೆಯವರು ತಾವಾಗಿ ಕೇಳಿದರೆ ಮಾತ್ರ ಆಗುತ್ತದೆ.

ಹಂತ 2: ಕನ್ನಡಕ, ಕಿವಿ, ಕೈ, ಮಾತು, ಎಡಬದಿ

ಪರೀಕ್ಷೆಯ ಕಾಗದ ತೆಗೆಯುವ ಮೊದಲು ಐದು ಸಂಗತಿ ನೋಡಿ. ಓದುವ ಕನ್ನಡಕ ಎಲ್ಲಿದೆ? ಆಸ್ಪತ್ರೆಯ ಗಡಿಬಿಡಿಯಲ್ಲಿ ಅದು ಹೆಚ್ಚಾಗಿ ಮನೆಯಲ್ಲೇ ಉಳಿದಿರುತ್ತದೆ. ಕಿವಿ ಕೇಳುತ್ತದಾ? ಎದುರು ಕುಳಿತು, ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ. ಬರೆಯುವ ಕೈ ಬಲವಿದೆಯಾ? ಇಲ್ಲದಿದ್ದರೆ ಇನ್ನೊಂದು ಕೈಯಲ್ಲಿ ಬರೆಯಲಿ, ಆದರೆ ಅದನ್ನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಬಲಗೈಯವರು ಎಡಗೈಯಲ್ಲಿ ಬರೆದ ಗಡಿಯಾರ ಓರೆಕೋರೆ ಇದ್ದರೆ ಅದು ಬುದ್ಧಿಯ ತಪ್ಪಲ್ಲ.

ನಾಲ್ಕನೆಯದು ಮಾತು. ಮಿದುಳಿನ ಎಡಭಾಗಕ್ಕೆ ಏಟಾದರೆ ಅಫೇಸಿಯಾ ಬರಬಹುದು. ಕೆಲವರಿಗೆ ಅರ್ಥವಾಗುತ್ತದೆ, ಹೇಳಲು ಬರುವುದಿಲ್ಲ. ಕೆಲವರು ಸರಾಗ ಮಾತಾಡುತ್ತಾರೆ, ಆದರೆ ನಾವು ಹೇಳಿದ್ದು ಅವರಿಗೆ ತಲುಪುವುದಿಲ್ಲ. ಪರೀಕ್ಷಿಸುವುದು ಸುಲಭ. ಕೈಸನ್ನೆ ಮಾಡದೆ ಬರೀ ಬಾಯಿಯಲ್ಲಿ ಹೇಳಿ: "ಕಣ್ಣು ಮುಚ್ಚಿ." "ಕಿಟಕಿ ತೋರಿಸಿ." "ಮೊದಲು ಮೂಗು ಮುಟ್ಟಿ, ಮತ್ತೆ ಕಿವಿ ಮುಟ್ಟಿ." ಆಮೇಲೆ ಹೌದು, ಅಲ್ಲ ಎನ್ನುವ ಪ್ರಶ್ನೆ: "ನೀವು ಈಗ ಮನೆಯಲ್ಲಿದ್ದೀರಾ?" "ಹಾಲು ಕಪ್ಪಾ?" ಆಮೇಲೆ ಎರಡು ಮೂರು ವಸ್ತು ತೋರಿಸಿ ಹೆಸರು ಕೇಳಿ: ಚಮಚ, ಬೀಗದ ಕೈ, ಬಾಚಣಿಗೆ. ಇಲ್ಲೇ ತೊಡಕು ಕಂಡರೆ ಮಾತಿನ ಮೇಲೆ ನಿಂತ ಪರೀಕ್ಷೆ ಮಾಡಿ ಅಂಕ ಹಾಕುವುದು ಅನ್ಯಾಯ. ಅವರನ್ನು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿ. ಇವರಿಗೆ ಹೊಂದುವ ಪರೀಕ್ಷೆ ಬೇರೆ, ಮುಂದೆ ಹೇಳುತ್ತೇನೆ.

ಐದನೆಯದು ಒಂದು ಬದಿಯ ಅರಿವೇ ಇಲ್ಲದಿರುವುದು. ಡಾಕ್ಟರುಗಳು ನಿಗ್ಲೆಕ್ಟ್ ಅನ್ನುತ್ತಾರೆ. ಮಿದುಳಿನ ಬಲಭಾಗದ ಸ್ಟ್ರೋಕಿನಲ್ಲಿ ಎಡಬದಿ ಹೀಗೆ ಮರೆಯಾಗುತ್ತದೆ. ಕಣ್ಣು ಸರಿ ಇರುತ್ತದೆ, ಮನಸ್ಸು ಅತ್ತ ಹೋಗುವುದಿಲ್ಲ. ಅರ್ಧ ಮುಖಕ್ಕೆ ಮಾತ್ರ ಶೇವ್ ಮಾಡುತ್ತಾರೆ, ಎಡಗೈಯನ್ನು ಅಂಗಿಗೆ ಹಾಕುವುದನ್ನೇ ಬಿಡುತ್ತಾರೆ, ಬಾಗಿಲಿನ ಎಡಪಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ದೊಡ್ಡ ಬಿಳಿ ಹಾಳೆಯಲ್ಲಿ ಅಡ್ಡಕ್ಕೆ ಉದ್ದ ಗೆರೆ ಎಳೆದು "ಇದರ ನಡುವಿಗೆ ಒಂದು ಗುರುತು ಹಾಕಿ" ಅನ್ನಿ. ಗುರುತು ಮತ್ತೆ ಮತ್ತೆ ಬಲಕ್ಕೆ ಸರಿದು ಬೀಳುತ್ತಿದ್ದರೆ ಎಚ್ಚರ. ಇನ್ನೊಂದು ಹಾಳೆಯ ತುಂಬ ಚದುರಿದ ಹಾಗೆ ಸಣ್ಣ ಗೀಟುಗಳನ್ನು ಎಳೆದು, ಒಂದೊಂದನ್ನೂ ಹೊಡೆದುಹಾಕಲು ಹೇಳಿ. ಎಡಗಡೆಯವು ಹಾಗೇ ಉಳಿದರೆ ನಿಗ್ಲೆಕ್ಟ್ ಅನುಮಾನ ಗಟ್ಟಿ. ಪತ್ರಿಕೆಯ ತಲೆಬರಹ ಓದಿಸಿದರೂ ತಿಳಿಯುತ್ತದೆ, ಮೊದಲ ಪದಗಳನ್ನು ಬಿಟ್ಟು ನಡುವಿನಿಂದ ಓದುತ್ತಾರೆ. ಈ ತೊಂದರೆ ಇದ್ದವರಿಗೆ ಮುಂದಿನ ಪರೀಕ್ಷೆಗಳ ಕಾಗದವನ್ನು ಸ್ವಲ್ಪ ಬಲಕ್ಕೆ ಇಟ್ಟು, ನೀವೂ ಬಲಗಡೆ ಕೂತುಕೊಳ್ಳಿ.

ಹಂತ 3: ಯಾವ ಭಾಷೆಯಲ್ಲಿ ಕೇಳುವುದು?

ಕಾಸರಗೋಡಿನಲ್ಲಿ ಒಬ್ಬ ಹಿರಿಯರು ಮನೆಯಲ್ಲಿ ತುಳುವೋ ಹವ್ಯಕವೋ ಮಾತಾಡುತ್ತಾರೆ, ಶಾಲೆ ಕಲಿತದ್ದು ಕನ್ನಡದಲ್ಲಿ, ಕಚೇರಿಯಲ್ಲಿ ಮಲಯಾಳ, ಲೆಕ್ಕ ಹಾಕುವುದು ಇನ್ನೊಂದರಲ್ಲಿ. ಕೊಂಕಣಿ, ಮರಾಠಿ, ಬ್ಯಾರಿ ಮನೆಗಳಲ್ಲೂ ಇದೇ ಕಥೆ. ದಕ್ಷಿಣದ ಕಡೆಯ ಆಸ್ಪತ್ರೆಗೆ ಹೋದರೆ ಮಲಯಾಳದ ಹಾಳೆ ಸಿಗುತ್ತದೆ, ಮಂಗಳೂರಿಗೆ ಹೋದರೆ ಕನ್ನಡದ್ದು. ಮೊದಲ ಸಲ ಮಲಯಾಳದಲ್ಲಿ, ಎರಡನೇ ಸಲ ಕನ್ನಡದಲ್ಲಿ ಪರೀಕ್ಷೆ ಮಾಡಿ, ಅಂಕ ಏರಿದೆ ಇಳಿದಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

ಹಾಗಾಗಿ ಮೊದಲೇ ಮನೆಯವರನ್ನು ಮೂರು ಪ್ರಶ್ನೆ ಕೇಳಿ. ಇವರು ಮನೆಯಲ್ಲಿ ಯಾವುದು ಮಾತಾಡುವುದು? ಓದು ಬರಹ ಯಾವುದರಲ್ಲಿ? ಅಂಗಡಿಯಲ್ಲಿ ಚಿಲ್ಲರೆ ಎಣಿಸುವುದು ಯಾವುದರಲ್ಲಿ? ಓದು, ಬರಹ, ಪದ ಇರುವ ಭಾಗಗಳನ್ನು ಶಾಲೆಯ ಭಾಷೆಯ ಅಧಿಕೃತ ಹಾಳೆಯಿಂದಲೇ ಮಾಡಿ. ಏನು ಮಾಡಬೇಕು ಎಂಬ ಸೂಚನೆ ಅರ್ಥವಾಗದಿದ್ದರೆ ಅದನ್ನು ಮನೆಮಾತಿನಲ್ಲಿ ವಿವರಿಸಿ, ವಿವರಿಸಿದ್ದೇನೆ ಎಂದು ಬರೆದಿಡಿ. ಮಗನನ್ನೋ ಮಗಳನ್ನೋ ದುಭಾಷಿ ಮಾಡಬೇಡಿ. ಅವರು ಪ್ರೀತಿಯಿಂದ ಉತ್ತರವನ್ನೂ ಸೇರಿಸಿ ಹೇಳಿಬಿಡುತ್ತಾರೆ.

ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿದ್ಧಪಡಿಸಿದ ನೆನಪು, ಯೋಚನೆಯ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಎಂಬ ಐದು ಭಾಷೆಗಳಲ್ಲಿ ಬಂದಿದೆ. ನಮ್ಮ ಎರಡು ಭಾಷೆಗಳೂ ಅದರಲ್ಲಿವೆ. ಆ ಐದರಲ್ಲಿ ತುಳು, ಬ್ಯಾರಿ ಇಲ್ಲ. ಶಾಲೆಗೆ ಹೋಗದ, ತುಳು ಮಾತ್ರ ಬಲ್ಲ ಅಜ್ಜಿಗೆ ಅಂಕಕ್ಕಿಂತ ಮನೆಯವರ ಮಾತೇ ಹೆಚ್ಚು ನಂಬಿಕೆಗೆ ಅರ್ಹ. ಅದಕ್ಕೆ ಹಂತ 7 ನೋಡಿ.

ದಿನ, ಊರು ಕೇಳುವ ಪ್ರಶ್ನೆಗಳಲ್ಲೂ ನಮ್ಮೂರಿನ ತೊಡಕುಗಳಿವೆ. "ಈಗ ಯಾವ ತಿಂಗಳು?" ಎಂದರೆ ತುಳು ತಿಂಗಳ ಲೆಕ್ಕದಲ್ಲಿ "ಆಟಿ" ಎಂಬ ಉತ್ತರ ಬರಬಹುದು, ಮಲಯಾಳ ಪಂಚಾಂಗ ನೋಡುವವರು "ಕರ್ಕಾಟಕ" ಅನ್ನಬಹುದು. ಎರಡೂ ಜುಲೈ ಆಗಸ್ಟಿನ ನಡುವೆ ಸರಿಯಾದ ಉತ್ತರವೇ. "ಇಂಗ್ಲಿಷ್ ತಿಂಗಳು ಯಾವುದು ಅಜ್ಜಿ?" ಎಂದು ಇನ್ನೊಮ್ಮೆ ಕೇಳಿ, ಎರಡನ್ನೂ ಬರೆದುಕೊಳ್ಳಿ. ಜಿಲ್ಲೆ ಕೇಳಿದಾಗ "ಕಣ್ಣೂರು" ಎಂದರೆ ತಕ್ಷಣ ತಪ್ಪು ಹಾಕಬೇಡಿ. ಕಾಸರಗೋಡು ಜಿಲ್ಲೆ ಆದದ್ದು 1984ರ ಮೇ 24ರಂದು, ಅದಕ್ಕೆ ಮೊದಲು ನಾವು ಕಣ್ಣೂರಿಗೆ ಸೇರಿದ್ದೆವು. 1956ರ ನವೆಂಬರ್ 1ಕ್ಕೆ ಮೊದಲು ಶಾಲೆಗೆ ಸೇರಿದವರು ದಕ್ಷಿಣ ಕನ್ನಡ ಜಿಲ್ಲೆ ಎಂದು ಕಲಿತವರು. "ಅದು ಆಗ. ಈಗ ಯಾವುದು?" ಎಂದು ಕೇಳಿ. ಈಗಿನದ್ದನ್ನು ಹೇಳಿದರೆ ಸರಿ. ಹಳೆಯದರಲ್ಲೇ ಸಿಕ್ಕಿಹಾಕಿಕೊಂಡರೆ ಅದು ನಿಜವಾದ ಗುರುತು.

ಹಂತ 4: ಯಾವ ಪರೀಕ್ಷೆ ಆರಿಸುವುದು?

ಸಮಯ ಕಡಿಮೆ, ಜಾಗ ಇಕ್ಕಟ್ಟು, ಬರೀ ಅನುಮಾನ ಇದೆಯೋ ಇಲ್ಲವೋ ತಿಳಿದರೆ ಸಾಕು ಎಂದಾದರೆ ಮಿನಿ-ಕಾಗ್. ಮೂರು ಪದ, ಒಂದು ಗಡಿಯಾರ, ಸುಮಾರು ಮೂರು ನಿಮಿಷ.

ಹತ್ತು ಹದಿನೈದು ನಿಮಿಷ ಇದ್ದು, ಶಾಲೆ ಕಲಿತವರಾದರೆ ಮೋಕಾ. ಮಾಂಟ್ರಿಯಲ್‌ನಲ್ಲಿ ರೂಪಿಸಿ 2005ರಲ್ಲಿ ಪ್ರಕಟಿಸಿದ್ದು, ಒಟ್ಟು 30 ಅಂಕ. ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಬಳಸುವವರು ತರಬೇತಿ ಪಡೆದು ಪ್ರಮಾಣಪತ್ರ ತೆಗೆದುಕೊಳ್ಳಬೇಕೆಂಬ ನಿಯಮ ಇದೆ. ಓದು ಕಡಿಮೆ ಇದ್ದವರಿಗೆ ಮೋಕಾ ಬೇಸಿಕ್ ಎಂಬ ಬೇರೆ ರೂಪ ಇದೆ.

ಎಂಎಂಎಸ್‌ಇ ಎಂಬ 30 ಅಂಕದ ಹಳೆಯ ನೆನಪಿನ ಪರೀಕ್ಷೆ 1975ರಿಂದಲೂ ಬಳಕೆಯಲ್ಲಿದೆ, ಹೆಚ್ಚಿನ ಆಸ್ಪತ್ರೆಗಳಲ್ಲಿ ಅದೇ ರೂಢಿ. ನನ್ನ ಅಭಿಪ್ರಾಯದಲ್ಲಿ ಸ್ಟ್ರೋಕ್ ಆದವರಿಗೆ ಅದು ಸಾಲದು. ಸ್ಟ್ರೋಕಿನಲ್ಲಿ ಹೆಚ್ಚಾಗಿ ಕೆಡುವುದು ಯೋಜನೆ ಹಾಕುವ ಶಕ್ತಿ, ವೇಗ, ಒಂದರಿಂದ ಇನ್ನೊಂದಕ್ಕೆ ಗಮನ ಹೊರಳಿಸುವ ಶಕ್ತಿ. ಎಂಎಂಎಸ್‌ಇ ಇವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. 30ಕ್ಕೆ 28 ಬಂದವರೂ ಮನೆಯಲ್ಲಿ ಒಂದು ಕೆಲಸ ಮುಗಿಸಲಾಗದೆ ಒದ್ದಾಡುವುದುಂಟು. ಅಕ್ಷರ ಬಾರದವರಿಗಾಗಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ರೂಪಿಸಿದ ಎಚ್‌ಎಂಎಸ್‌ಇ ಎಂಬುದೂ ಇದೆ, ಅದು ಹಿಂದಿಯದ್ದು.

ಸ್ಟ್ರೋಕಿಗೆಂದೇ ಮಾಡಿದ್ದು ಆಕ್ಸ್‌ಫರ್ಡ್ ಕಾಗ್ನಿಟಿವ್ ಸ್ಕ್ರೀನ್, ಚಿಕ್ಕದಾಗಿ ಓಸಿಎಸ್. 2015ರಲ್ಲಿ ಪ್ರಕಟವಾಯಿತು. 15ರಿಂದ 20 ನಿಮಿಷ ಬೇಕು. ಇದು ಒಂದೇ ಒಟ್ಟು ಅಂಕ ಕೊಡುವುದಿಲ್ಲ. ಮಾತು, ನೆನಪು, ಗಮನ, ಲೆಕ್ಕ, ಕೈಯ ಚಲನೆಯ ಅನುಕರಣೆ, ಒಂದೊಂದನ್ನೂ ಬೇರೆ ಬೇರೆ ತೋರಿಸುತ್ತದೆ. ಬೆರಳು ತೋರಿಸಿ ಉತ್ತರಿಸುವ ಅವಕಾಶ ಇರುವುದರಿಂದ ಅಫೇಸಿಯಾ ಇದ್ದವರಿಗೂ ನಿಗ್ಲೆಕ್ಟ್ ಇದ್ದವರಿಗೂ ನ್ಯಾಯ ಸಿಗುತ್ತದೆ. ಪುನಶ್ಚೇತನ ಕೇಂದ್ರಕ್ಕೆ ಹೋದಾಗ ಸ್ಟ್ರೋಕಿಗೆಂದೇ ಇರುವ ಇಂಥ ಪರೀಕ್ಷೆ ಮಾಡುತ್ತೀರಾ ಎಂದು ಕೇಳಿ.

ಹಂತ 5: ಪರೀಕ್ಷೆ ನಡೆಸುವುದು

ಬೆಳಗಿನ ಹೊತ್ತು ಒಳ್ಳೆಯದು, ತಿಂಡಿ ಆದ ಮೇಲೆ, ಫಿಸಿಯೋಥೆರಪಿಗೆ ಮೊದಲು. ಟಿವಿ ನಿಲ್ಲಿಸಿ. ನೆಂಟರನ್ನು ಜಗಲಿಗೆ ಕಳಿಸಿ, ಗೋಡೆಯ ಕ್ಯಾಲೆಂಡರ್ ಮತ್ತು ಗಡಿಯಾರ ಕಾಣದ ಕಡೆ ಕೂರಿಸಿ. ಆಮೇಲೆ ಹೀಗೆ ಶುರು ಮಾಡಬಹುದು: "ಅಜ್ಜ, ಕೈಕಾಲಿಗೆ ವ್ಯಾಯಾಮ ಮಾಡಿದ ಹಾಗೆ ಈಗ ತಲೆಗೂ ಸ್ವಲ್ಪ ಕೆಲಸ ಕೊಡುವ. ಕೆಲವು ಸುಲಭ ಉಂಟು, ಕೆಲವು ಎಲ್ಲರಿಗೂ ಕಷ್ಟ. ಬಾರದಿದ್ರೆ ಬೇಜಾರಿಲ್ಲ, ಆಯ್ತಾ?" ಮಾಷ್ಟ್ರಾಗಿ ನಿವೃತ್ತರಾದವರಿಗೆ ಪರೀಕ್ಷೆ ಎಂಬ ಮಾತೇ ಚುಚ್ಚುತ್ತದೆ. ಅವರಿಗೆ ಯಾಕೆ ಮಾಡುತ್ತಿದ್ದೇವೆ ಎಂಬುದನ್ನು ನೇರವಾಗಿ ವಿವರಿಸಿ, ಒಪ್ಪಿಗೆ ಕೇಳಿ.

ಮಿನಿ-ಕಾಗ್ ಮಾಡುವ ಕ್ರಮ ಹೀಗೆ. ಅಧಿಕೃತ ಪಟ್ಟಿಯ ಮೂರು ಪದಗಳನ್ನು ಹೇಳಿ, ಅವರಿಂದ ಹೇಳಿಸಿ. ಮೂರು ಸಲದವರೆಗೆ ಪ್ರಯತ್ನಿಸಬಹುದು. ಆ ಪದಗಳನ್ನು ಇಲ್ಲಿ ಬೇಕೆಂದೇ ಬರೆದಿಲ್ಲ, ಮನೆಯಲ್ಲಿ ಉರುಹೊಡೆಸಿದರೆ ಪರೀಕ್ಷೆಯೇ ಹಾಳು. ಆಮೇಲೆ ಗಡಿಯಾರ. "ಒಂದು ದುಂಡು ಗಡಿಯಾರ ಬರೆಯಿರಿ. ಅಂಕಿಗಳನ್ನೆಲ್ಲ ಅದರದರ ಜಾಗದಲ್ಲಿ ಹಾಕಿ. ಈಗ ಮುಳ್ಳು ಹಾಕಿ, ಹನ್ನೊಂದು ಗಂಟೆ ಹತ್ತು ನಿಮಿಷ." ಮೂರು ನಿಮಿಷದಲ್ಲಿ ಮುಗಿಯದಿದ್ದರೆ ನಿಲ್ಲಿಸಿ ಮುಂದಕ್ಕೆ ಹೋಗಿ. ಕೊನೆಗೆ ಆ ಮೂರು ಪದ ಯಾವುದೆಂದು ಕೇಳಿ. ನೆನಪಾದ ಒಂದೊಂದು ಪದಕ್ಕೆ 1, ಗಡಿಯಾರ ಸರಿ ಇದ್ದರೆ 2, ಇಲ್ಲದಿದ್ದರೆ 0. ಮುಳ್ಳಿನ ಉದ್ದ ಗಿಡ್ಡ ಲೆಕ್ಕಕ್ಕಿಲ್ಲ. ಐದರಲ್ಲಿ 3ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕೇ ಬೇಕು. 3 ಬಂದರೂ ಮನೆಯವರಿಗೆ ಅನುಮಾನ ಇದ್ದರೆ ಬಿಡಬೇಡಿ.

ಆ ಗಡಿಯಾರದ ಚಿತ್ರವನ್ನು ಎಸೆಯಬೇಡಿ. ಅದನ್ನು ಓದಲು ಬಂದರೆ ತುಂಬ ಹೇಳುತ್ತದೆ. ಹನ್ನೆರಡೂ ಅಂಕಿ ಬಲ ಅರ್ಧದಲ್ಲೇ ತುಂಬಿಕೊಂಡಿದ್ದರೆ ನಿಗ್ಲೆಕ್ಟ್. ಅಂಕಿಗಳು ಸರಿಯಾಗಿದ್ದು ಮುಳ್ಳುಗಳು ಮಾತ್ರ 10 ಮತ್ತು 11ಕ್ಕೆ ಹೋಗಿದ್ದರೆ, ಹತ್ತು ನಿಮಿಷಕ್ಕೆ 2ರ ಕಡೆ ತೋರಿಸಬೇಕೆಂಬ ಯೋಚನೆಗೆ ಹೊರಳಲಾಗದೆ ಕಿವಿಗೆ ಬಿದ್ದ ಅಂಕಿಗೇ ಅಂಟಿಕೊಂಡಿದ್ದಾರೆ ಎಂದರ್ಥ. ಮಿದುಳಿನ ಮುಂಭಾಗದ ತೊಂದರೆಯಲ್ಲಿ ಹೀಗಾಗುತ್ತದೆ. 12 ಆದ ಮೇಲೂ 13, 14 ಎಂದು ಬರೆಯುತ್ತಾ ಹೋದರೆ, ಶುರು ಮಾಡಿದ್ದನ್ನು ನಿಲ್ಲಿಸಲು ಆಗುತ್ತಿಲ್ಲ. ಮೂರಕ್ಕೂ ಸೊನ್ನೆಯೇ ಅಂಕ, ಆದರೆ ಮನೆಯಲ್ಲಿ ಕೊಡಬೇಕಾದ ನೆರವು ಬೇರೆ ಬೇರೆ.

ಮೋಕಾದಲ್ಲೂ ಹಾಗೆಯೇ. ಐದು ಪದಗಳನ್ನು ಎರಡು ಸಲ ಹೇಳಿಸಿ, ಸುಮಾರು ಐದು ನಿಮಿಷ ಬಿಟ್ಟು ಕೇಳುತ್ತೇವೆ. ತಾನಾಗಿ ನೆನಪಾದದ್ದಕ್ಕೆ ಮಾತ್ರ ಅಂಕ. ಆಮೇಲೆ ಸುಳಿವು ಕೊಟ್ಟು ಕೇಳುವ ಅವಕಾಶ ಇದೆ, ಅದಕ್ಕೆ ಅಂಕ ಇಲ್ಲ. ಅಂಕ ಇಲ್ಲ ಎಂದು ಹೆಚ್ಚಿನವರು ಆ ಭಾಗವನ್ನು ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಸುಳಿವು ಕೊಟ್ಟ ಕೂಡಲೇ "ಹೌದು ಹೌದು, ಅದೇ" ಎಂದು ಹೇಳಿದರೆ ವಿಷಯ ಒಳಗೆ ಸೇರಿದೆ, ಹೊರಗೆ ತೆಗೆಯಲು ಕಷ್ಟ ಆಗುತ್ತಿದೆ. ಸ್ಟ್ರೋಕಿನಲ್ಲಿ ಹೆಚ್ಚಾಗಿ ಕಾಣುವುದು ಇದು. ಅಂಥವರಿಗೆ ಚೀಟಿ, ಅಲಾರಂ, ನೆನಪಿಸುವ ಒಂದು ಮಾತು ತುಂಬ ಉಪಯೋಗಕ್ಕೆ ಬರುತ್ತದೆ. ಸುಳಿವು ಕೊಟ್ಟರೂ, ಮೂರು ಪದ ಮುಂದಿಟ್ಟು ಆರಿಸಲು ಹೇಳಿದರೂ ಗೊತ್ತಾಗದಿದ್ದರೆ ವಿಷಯ ಒಳಗೇ ಹೋಗಿಲ್ಲ. ಅಂಥವರ ಮಾತ್ರೆಯ ಡಬ್ಬಿಯನ್ನು ಇನ್ನೊಬ್ಬರು ನೋಡಿಕೊಳ್ಳಲೇಬೇಕು.

ನೂರರಿಂದ ಏಳೇಳು ಕಳೆಯುವ ಭಾಗದಲ್ಲಿ ಒಂದು ಸಲ ತಪ್ಪಿದರೆ ಮುಂದಿನದೆಲ್ಲ ತಪ್ಪು ಎಂದು ಹಾಕುವವರಿದ್ದಾರೆ. ಹಾಗಲ್ಲ. 93ರ ಬದಲು 92 ಎಂದು, ಆಮೇಲೆ 85 ಎಂದರೆ ಎರಡನೆಯದು ಸರಿ. ಇಡೀ ಬದುಕು ಅಂಗಡಿ ನಡೆಸಿದವರು ಇಲ್ಲಿ ತಡವರಿಸಿದರೆ ಅದಕ್ಕೆ ಮಹತ್ವ ಇದೆ, ಶಾಲೆ ಮೆಟ್ಟಿಲು ಹತ್ತದವರು ತಡವರಿಸಿದರೆ ಅಷ್ಟಿಲ್ಲ. ಚಿತ್ರದ ಪ್ರಾಣಿಗಳ ಹೆಸರು ಹೇಳುವಲ್ಲೂ ಹಾಗೆ. ಘೇಂಡಾಮೃಗವನ್ನು ನೋಡಿಯೇ ಇರದವರಿಗೆ ಹೆಸರು ಬಾರದಿರುವುದು ರೋಗ ಅಲ್ಲ. ತುಳುವಿನಲ್ಲೋ ಮಲಯಾಳದಲ್ಲೋ ಹೇಳಿದ ಹೆಸರು ಸರಿ ಇದ್ದರೆ ಅದನ್ನು ಹಾಳೆಯಲ್ಲಿ ನಮೂದಿಸಿ.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಎನ್ನುವುದು ಇನ್ನೊಂದು ಸರಳ ಪರೀಕ್ಷೆ. ಅಕ್ಷರ ಬೇಡ, ಪೆನ್ನು ಬೇಡ. ಭಾಷೆ ಬೆರೆಸಿದರೂ ಪರವಾಗಿಲ್ಲ, ಒಂದೇ ಪ್ರಾಣಿಯನ್ನು ಎರಡು ಭಾಷೆಯಲ್ಲಿ ಹೇಳಿದರೆ ಒಂದೇ ಲೆಕ್ಕ. ಎಷ್ಟು ಎನ್ನುವುದರ ಜೊತೆ ಹೇಗೆ ಎನ್ನುವುದನ್ನೂ ಬರೆಯಿರಿ. ದನ, ಎಮ್ಮೆ, ಆಡು ಎಂದು ಹಟ್ಟಿಯವನ್ನು ಮುಗಿಸಿ ಕಾಡಿಗೆ ಹೊರಳುತ್ತಾರಾ, ಹಟ್ಟಿಯಲ್ಲೇ ನಿಂತುಬಿಡುತ್ತಾರಾ? ಹೇಳಿದ್ದನ್ನೇ ಹೇಳುತ್ತಾರಾ? ಮೊದಲ ಹದಿನೈದು ಸೆಕೆಂಡಿಗೇ ಖಾಲಿಯಾಗುತ್ತಾರಾ?

ನಡುವೆ ದಣಿವು ಕಂಡರೆ ನಿಲ್ಲಿಸಿ. ಅತ್ತರೂ ನಿಲ್ಲಿಸಿ. ಸ್ಟ್ರೋಕ್ ಆದ ಕೆಲವರಿಗೆ ಕಾರಣವಿಲ್ಲದೆ ಅಳು, ನಗು ಉಕ್ಕುತ್ತದೆ. ಅದು ಮಿದುಳಿನ ಗಾಯದಿಂದ ಬರುವುದು, ಹಟ ಅಲ್ಲ.

ಹಂತ 6: ಅಂಕವನ್ನು ಓದುವುದು

ಮೋಕಾದಲ್ಲಿ 26ಕ್ಕಿಂತ ಕಡಿಮೆ ಎಂದರೆ ಕುಂದು ಎಂಬುದು ಮೂಲ ಗೆರೆ. ಹನ್ನೆರಡು ವರ್ಷ ಅಥವಾ ಕಡಿಮೆ ಓದಿದವರಿಗೆ 1 ಅಂಕ ಸೇರಿಸುತ್ತಾರೆ. ಕೆನಡಾದ ಆ ಗೆರೆಯನ್ನು ನಮ್ಮ ಐದನೇ ಕ್ಲಾಸಿನ ಅಜ್ಜನಿಗೆ ಎಳೆದರೆ ಆರೋಗ್ಯವಾಗಿರುವವರೂ ರೋಗಿಗಳಾಗುತ್ತಾರೆ. ಒಂದು ಅಂಕ ಸೇರಿಸಿದರೆ ಆ ಅಂತರ ತುಂಬುವುದಿಲ್ಲ. ಹಾಗಾಗಿ 30ಕ್ಕೆ ಎಷ್ಟು ಎಂಬುದರ ಪಕ್ಕದಲ್ಲಿ ಓದಿದ ವರ್ಷ, ಭಾಷೆ, ಯಾವ ಕೈ, ಯಾವ ಯಾವ ಭಾಗದಲ್ಲಿ ಅಂಕ ಹೋಯಿತು, ಇಷ್ಟನ್ನೂ ಬರೆಯದಿದ್ದರೆ ಆ ಸಂಖ್ಯೆಯಿಂದ ಮುಂದಿನ ಡಾಕ್ಟರಿಗೆ ಉಪಯೋಗ ಇಲ್ಲ.

ಕಡಿಮೆ ಅಂಕ ಎಂದರೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದು ಹೇಳುವ ಅಧಿಕಾರ ಈ ಪರೀಕ್ಷೆಗಳಿಗೆ ಇಲ್ಲ. ಇನ್ನೂ ನೋಡಬೇಕು ಎಂದಷ್ಟೇ ಅವು ಹೇಳುತ್ತವೆ. ಪಾಲು ಪಟ್ಟಿ, ಬ್ಯಾಂಕಿನ ಸಹಿ ನಡೆಯುತ್ತಿರುವ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕಾಗುತ್ತದೆ. ಹತ್ತು ನಿಮಿಷದ ಹಾಳೆ ತೋರಿಸಿ "ಇವರಿಗೆ ಬುದ್ಧಿ ಇಲ್ಲ" ಎಂದು ಯಾರ ಮಾತನ್ನೂ ಕಸಿದುಕೊಳ್ಳಬಾರದು.

ಹಂತ 7: ಮನೆಯವರನ್ನು ಕೇಳುವುದು

ಇದನ್ನು ರೋಗಿಯ ಎದುರಲ್ಲಿ ಮಾಡಬೇಡಿ. ದಿನಾ ಜೊತೆಗಿರುವವರನ್ನು ಕೇಳಿ. ಗಲ್ಫಿನಿಂದ ಫೋನ್ ಮಾಡುವ ಮಗನಿಗಿಂತ ಪಕ್ಕದ ಮನೆಯ ಅಕ್ಕನಿಗೆ ಜಾಸ್ತಿ ಗೊತ್ತಿರಬಹುದು. ಐಕ್ಯೂ-ಕೋಡ್ ಎಂಬ 16 ಪ್ರಶ್ನೆಗಳ ಪಟ್ಟಿ ಇದಕ್ಕೆಂದೇ ಇದೆ. ಹತ್ತು ವರ್ಷದ ಹಿಂದಿಗೆ ಹೋಲಿಸಿ 1ರಿಂದ 5ರವರೆಗೆ ಗುರುತು ಹಾಕುವುದು, 3 ಎಂದರೆ ಬದಲಾವಣೆ ಇಲ್ಲ. ಎಡಿ-8 ಎಂಬ ಎಂಟು ಪ್ರಶ್ನೆಗಳದ್ದೂ ಇದೆ, ಎರಡು ಅಥವಾ ಹೆಚ್ಚಿಗೆ "ಹೌದು" ಬಂದರೆ ಮುಂದೆ ನೋಡಬೇಕು.

ಪಟ್ಟಿ ಕೈಯಲ್ಲಿ ಇಲ್ಲದಿದ್ದರೂ ಕೇಳಬಹುದು. ರೇಷನ್ ಅಂಗಡಿಗೆ ಒಬ್ಬರೇ ಹೋಗಿ ಚಿಲ್ಲರೆ ಸರಿಯಾಗಿ ತರುತ್ತಾರಾ? ಬದಿಯಡ್ಕದ ಬಸ್ಸಿನ ಬದಲು ಬೇರೆ ಬಸ್ ಹತ್ತಿದ್ದುಂಟಾ? ಫೋನಿನಲ್ಲಿ ಮೊದಲು ಮಾಡುತ್ತಿದ್ದದ್ದನ್ನು ಈಗಲೂ ಮಾಡುತ್ತಾರಾ? ಸಾರು ಮಾಡುವಾಗ ಉಪ್ಪು ಎರಡು ಸಲ ಬೀಳುತ್ತದಾ? ಒಂದೊಂದಕ್ಕೂ ಇನ್ನೊಂದು ಪ್ರಶ್ನೆ ಸೇರಿಸಿ: ಇದು ಸ್ಟ್ರೋಕಿಗೆ ಮೊದಲೇ ಇತ್ತಾ? ಮೊದಲೇ ಮೆಲ್ಲಗೆ ಶುರುವಾಗಿದ್ದರೆ ಇನ್ನೊಂದು ಕಾಯಿಲೆಯೂ ಜೊತೆಗಿರಬಹುದು. ಕೈ ಬಲ ಇಲ್ಲದೆ ಮಾಡದಿರುವುದು ಬೇರೆ, ಹೇಗೆ ಮಾಡುವುದೆಂದು ತಿಳಿಯದೆ ಮಾಡದಿರುವುದು ಬೇರೆ. ಇದನ್ನೂ ಬಿಡಿಸಿ ಕೇಳಿ.

ಮನಸ್ಸು ಕುಗ್ಗಿದ್ದರೂ ಅಂಕ ಇಳಿಯುತ್ತದೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಮತ್ತು ಬೇಸರ, ಹತಾಶೆ ಎಷ್ಟು ದಿನ ಇತ್ತು ಎಂದು ಕೇಳುವ ಪಿಎಚ್‌ಕ್ಯೂ-2 ಸಾಕು. ಒಂದೊಂದಕ್ಕೆ 0ರಿಂದ 3, ಒಟ್ಟು 3 ಮುಟ್ಟಿದರೆ ಡಾಕ್ಟರಿಗೆ ಹೇಳಿ. ಸ್ಟ್ರೋಕಿನ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ.

ಹಂತ 8: ಕುಂದು ಕಂಡರೆ ಮುಂದೇನು?

ಮೊದಲು ಸರಿಪಡಿಸಬಹುದಾದ ಕಾರಣಗಳು. ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ, ರಕ್ತಹೀನತೆ ನೋಡಲು ಡಾಕ್ಟರನ್ನು ಕೇಳಿ. ಬಿಪಿಗೆ ಮೂತ್ರ ಹೋಗುವ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ಸೋಡಿಯಂ ಇಳಿಯುವುದು ಸಾಮಾನ್ಯ. ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತೆಗೆದುಕೊಂಡು ಹೋಗಿ. ನಿದ್ದೆ ಮಾತ್ರೆ, ಶೀತ ಅಲರ್ಜಿಯ ಕೆಲವು ಮಾತ್ರೆ, ಮೂತ್ರ ಹತೋಟಿಯ ಕೆಲವು ಮಾತ್ರೆ, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಇವು ತಲೆಯನ್ನು ಮಂಕು ಮಾಡಬಲ್ಲವು. ನೀವಾಗಿ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಬಿಪಿ, ಸಕ್ಕರೆ ಹತೋಟಿ ಮತ್ತು ಬೀಡಿ ಸಿಗರೇಟು ಬಿಡುವುದು ಇನ್ನೊಂದು ಸ್ಟ್ರೋಕನ್ನು ತಡೆಯುವ ದಾರಿ. ಇದ್ದ ಬುದ್ಧಿಯನ್ನು ಉಳಿಸುವುದಕ್ಕೂ ಇದು ಬೇಕು.

ಮನೆಯಲ್ಲಿ ಸುರಕ್ಷತೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ವಾರದ ಡಬ್ಬಿಯಲ್ಲಿ ಇಟ್ಟು ಒಬ್ಬರೇ ಜವಾಬ್ದಾರಿ ತೆಗೆದುಕೊಳ್ಳಿ, ಎರಡು ಸಲ ತಿಂದರೆ ರಕ್ತಸ್ರಾವದ ಅಪಾಯ ಇದೆ. ನಿಗ್ಲೆಕ್ಟ್ ಅಥವಾ ಗಮನದ ತೊಂದರೆ ಇದ್ದರೆ ಡಾಕ್ಟರು ಆಗಬಹುದು ಎನ್ನುವವರೆಗೆ ಸ್ಕೂಟರ್, ಆಟೋ ಬೇಡವೇ ಬೇಡ. ಬಾವಿಯ ಕಟ್ಟೆ, ಗ್ಯಾಸ್ ಒಲೆ, ತೋಟದ ಮೆಟ್ಟಿಲು, ಇವುಗಳ ಹತ್ತಿರ ಒಬ್ಬರನ್ನೇ ಬಿಡಬೇಡಿ.

ಮತ್ತೆ ಪರೀಕ್ಷೆ ಮಾಡುವಾಗ ಅದೇ ಪರೀಕ್ಷೆ, ಅದೇ ಭಾಷೆ, ಆದರೆ ಪದಗಳು ಬೇರೆ ಇರುವ ರೂಪ ಬಳಸಿ. ಮೋಕಾಕ್ಕೆ ಅಂಥ ಪರ್ಯಾಯ ಹಾಳೆಗಳಿವೆ. ಮೊದಲ ಹಾಳೆಯ ಪ್ರತಿ, ಗಡಿಯಾರದ ಚಿತ್ರ ಸಮೇತ, ಮನೆಯ ಫೈಲಿನಲ್ಲಿರಲಿ. ಮಂಗಳೂರಿನ ಆಸ್ಪತ್ರೆಯ ಕಾಗದ ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಾನಾಗಿ ಬರುವುದಿಲ್ಲ, ನೀವೇ ಒಯ್ಯಬೇಕು. ಪಾಲಿಯೇಟಿವ್ ನರ್ಸ್ ಬಂದಾಗ ಅವರಿಗೂ ತೋರಿಸಿ.

ಇಷ್ಟೆಲ್ಲದರ ನಡುವೆ ಒಂದು ದಿನ ಇದ್ದಕ್ಕಿದ್ದ ಹಾಗೆ ಗೊಂದಲ ಹೆಚ್ಚಿ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಜೋತುಬಿದ್ದರೆ, ಯಾವ ಪರೀಕ್ಷೆಯೂ ಬೇಡ. ಕೊನೆಯ ಸಲ ಸರಿ ಇದ್ದದ್ದು ಎಷ್ಟು ಗಂಟೆಗೆ ಎಂದು ಬರೆದುಕೊಂಡು 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ, ಅದನ್ನು ಎಣಿಸುವುದು ಆ ಹೊತ್ತಿನಿಂದಲೇ.